ಮೆಕ್ಕೆಜೋಳದ ತಳಿ ಆರಿಸುವಾಗ: ಮೊದಲು ದಿನ, ಆಮೇಲೆ ಕಾಳು, ಕೊನೆಗೆ ಇಳುವರಿ

ಬೀಜದ ಚೀಲದ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇಳುವರಿಯ ಅಂಕಿ. ತಳಿ ಆರಿಸುವಾಗ ಕಟ್ಟಕಡೆಗೆ ನೋಡಬೇಕಾದ್ದೂ ಅದೇ. ಆ ಅಂಕಿ ಸಿಕ್ಕಿದ್ದು ಹೊತ್ತಿಗೆ ಸರಿಯಾಗಿ ನೀರು, ಪೂರ್ತಿ ಗೊಬ್ಬರ, ಕಳೆ ಇಲ್ಲದ ನೆಲ ಇದ್ದ ತಾಕಿನಲ್ಲಿ. ಇವುಗಳಲ್ಲಿ ಒಂದು ತಪ್ಪಿದರೂ ಎಲ್ಲ ತಳಿಗಳ ಇಳುವರಿ ಇಳಿಯುತ್ತದೆ, ಆದರೆ ಸಮನಾಗಿ ಇಳಿಯುವುದಿಲ್ಲ. ಒಂದು ತಳಿ ಕಾಲುಭಾಗ ಕಳೆದುಕೊಳ್ಳುವ ಕಡೆ ಇನ್ನೊಂದು ಮುಕ್ಕಾಲು ಭಾಗ ಕಳೆದುಕೊಳ್ಳಬಹುದು. ಹಾಗಾಗಿ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಹೂ ಬಿಡುವ ವಾರಗಳಲ್ಲಿ ಹೊಲದಲ್ಲಿ ಹಸಿ ಇರುತ್ತದೆಯೇ? ಬೆಳೆದ ಕಾಳು ಯಾವ ಬಳಕೆಗೆ ಹೋಗುತ್ತದೆ? ಕೊಯ್ಲಿನವರೆಗೂ ದಂಟು ನೆಟ್ಟಗೆ ನಿಲ್ಲುತ್ತದೆಯೇ? ಈ ಮೂರರಲ್ಲೂ ಉಳಿದುಕೊಂಡ ತಳಿಗಳ ನಡುವೆ ಮಾತ್ರ ಇಳುವರಿ ಹೋಲಿಸಿ.

ಎಷ್ಟು ದಿನದ ತಳಿ?

ಬೆಚ್ಚನೆಯ ಪ್ರದೇಶಗಳಲ್ಲಿ 80ರಿಂದ 95 ದಿನಕ್ಕೆ ಮಾಗುವುದು ಅಲ್ಪಾವಧಿ ತಳಿ, 95ರಿಂದ 110 ದಿನದ್ದು ಮಧ್ಯಮಾವಧಿ, ಅದಕ್ಕೂ ಮೇಲಿನದು ದೀರ್ಘಾವಧಿ. ನೀರು ಕೊನೆತನಕ ಸಿಗುವುದಾದರೆ ದೀರ್ಘಾವಧಿ ತಳಿಯೇ ಹೆಚ್ಚು ಕೊಡುತ್ತದೆ. ಎಲೆಗಳು ಹೆಚ್ಚು ದಿನ ದುಡಿಯುತ್ತವೆ, ಕಾಳು ತುಂಬಲು ಹೆಚ್ಚು ಕಾಲ ಸಿಗುತ್ತದೆ. ನೀರು ನಡುವೆ ಕೈಕೊಡುವ ಕಡೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಕಾರಣ ತೆನೆಯ ಕೂದಲಿನಲ್ಲಿದೆ. ಪ್ರತಿ ಕೂದಲೂ ಒಂದೊಂದು ಕಾಳಿಗೆ ಸೇರಿದ್ದು. ಕೂದಲಿಗೆ ಪರಾಗ ಬೀಳದಿದ್ದರೆ ಆ ಕಾಳು ಇಲ್ಲ. ತೆನೆಯ ಬುಡದ ಕೂದಲು ಮೊದಲು ಬೆಳೆಯುತ್ತದೆ, ತುದಿಯದು ಕೊನೆಗೆ ಹೊರಬರುತ್ತದೆ. ಹೊಲದಲ್ಲಿ ಹಸಿ ಆರಿದರೆ ಗಿಡದ ನೆತ್ತಿಯ ಗಂಡು ಹೂವಾದ ಸೂಲಂಗಿ ತನ್ನ ಹೊತ್ತಿಗೇ ಪರಾಗ ಸುರಿಸಿ ಮುಗಿಸುತ್ತದೆ, ಕೂದಲು ಮಾತ್ರ ತಡವಾಗುತ್ತದೆ. ತುದಿಯ ಕೂದಲು ಹೊರಬರುವಷ್ಟರಲ್ಲಿ ಪರಾಗ ಉಳಿದಿರುವುದಿಲ್ಲ. ತುದಿ ಬೋಳಾದ ತೆನೆ ಹುಟ್ಟುವ ಒಂದು ಬಗೆ ಇದು. ಪರಾಗ ಸಿಕ್ಕಿ ಕಾಳು ಕಟ್ಟಿದ ಮೇಲೂ ಹಸಿಯೋ ಸಾರಜನಕವೋ ಸಾಲದೆ ತುದಿಯ ಕಾಳು ಮುರುಟುವುದುಂಟು, ಅದು ಬೇರೆ. ಎರಡನ್ನೂ ಗುರುತಿಸುವುದು ಸುಲಭ. ಕೂದಲು ಹೊರಬಂದು ಒಂದು ವಾರ ಕಳೆದ ಮೇಲೆ ಒಂದು ತೆನೆಯ ಮುಸುಕನ್ನು ಉದ್ದಕ್ಕೆ ಸೀಳಿ, ಎಳೆಗಳಿಗೆ ಕೈ ತಾಕದಂತೆ ಬಿಡಿಸಿ, ತೆನೆಯನ್ನು ಮೆಲ್ಲಗೆ ಅಲ್ಲಾಡಿಸಿ. ಫಲಗೊಂಡ ಕಾಳಿನ ಕೂದಲು ಉದುರಿಬಿಡುತ್ತದೆ, ಫಲಗೊಳ್ಳದ್ದರದು ಅಂಟಿಕೊಂಡೇ ಇರುತ್ತದೆ. ಅಂಟಿದ ಎಳೆಗಳೆಲ್ಲ ತುದಿಯಲ್ಲೇ ಇದ್ದರೆ ಆ ತಳಿಯ ಸೂಲಂಗಿ ಮತ್ತು ಕೂದಲಿನ ನಡುವೆ ಅಂತರ ಜಾಸ್ತಿ ಎಂದೇ ತಿಳಿಯಿರಿ. ಬರ ತಡೆಯುವ ತಳಿಗಳನ್ನು ರೂಪಿಸುವವರು ಮುಖ್ಯವಾಗಿ ನೋಡುವುದು ಈ ಅಂತರವನ್ನೇ. ಒಣ ಹಂಗಾಮಿನಲ್ಲೂ ಅದು 3 ದಿನದೊಳಗೆ ಇರುವ ತಳಿ ಮಳೆಯಾಶ್ರಿತ ಹೊಲಕ್ಕೆ ಒಳ್ಳೆಯದು.

ಕೂದಲು ಬರುವುದಕ್ಕೆ ಎರಡು ವಾರ ಮುಂಚೆ, ಬಂದ ಮೇಲೆ ಎರಡು ವಾರ, ಹೀಗೆ ಸುಮಾರು ಒಂದು ತಿಂಗಳು ಬೆಳೆ ಬಾಯಾರಿಕೆ ತಡೆಯುವುದಿಲ್ಲ. ಬಿಸಿಲಿನ ದಿನಗಳಲ್ಲಿ ಆಗ ದಿನಕ್ಕೆ 7–8 ಮಿ.ಮೀ. ನೀರು ಬೇಕು. ಬಿಸಿ ಪ್ರದೇಶದಲ್ಲಿ ಅಲ್ಪಾವಧಿ ತಳಿಗೆ ಬಿತ್ತಿದ 45–50ನೇ ದಿನಕ್ಕೆ ಕೂದಲು ಬಂದರೆ ದೀರ್ಘಾವಧಿಗೆ 60–65 ಹಿಡಿಯುತ್ತದೆ. ಬಿತ್ತನೆಯ ದಿನದಿಂದ ಎಣಿಸಿ, ಆ ಒಂದು ತಿಂಗಳು ಪಂಚಾಂಗದಲ್ಲಿ ಎಲ್ಲಿ ಬೀಳುತ್ತದೆ ಎಂದು ಗುರುತು ಮಾಡಿ. ಅಲ್ಲಿ ಮಳೆ ಬಿಡುವು ಕೊಡುವುದು ವಾಡಿಕೆಯಾಗಿದ್ದರೆ ಅದಕ್ಕೆ ಮೊದಲೋ ಆಮೇಲೋ ಹೂ ಬಿಡುವ ತಳಿ ಹಿಡಿಯಿರಿ. ಕಾಗದದ ಮೇಲೆ ಹತ್ತು ನಿಮಿಷ ಹಿಡಿಯುವ ಈ ಕೆಲಸ ಬೇರೆ ಯಾವ ಲೆಕ್ಕಕ್ಕಿಂತಲೂ ಹೆಚ್ಚು ಇಳುವರಿ ಉಳಿಸುತ್ತದೆ.

ಚೀಲದ ಮೇಲಿನ ‘ದಿನ’ವನ್ನೂ ಹಾಗೇ ನಂಬುವಂತಿಲ್ಲ. ಮೆಕ್ಕೆಜೋಳ ಎಣಿಸುವುದು ದಿನವನ್ನಲ್ಲ, ಶಾಖವನ್ನು. ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ಕೂಡಿಸಿ, ಎರಡರಿಂದ ಭಾಗಿಸಿ, 10 ಕಳೆದರೆ ಆ ದಿನದ ಶಾಖಮಾನ ಸಿಗುತ್ತದೆ. ಗರಿಷ್ಠ 30 ಡಿಗ್ರಿ ದಾಟಿದರೆ 30 ಎಂದೇ, ಕನಿಷ್ಠ 10ಕ್ಕಿಂತ ಇಳಿದರೆ 10 ಎಂದೇ ಹಿಡಿಯಬೇಕು. ಹಗಲು 33, ರಾತ್ರಿ 21 ಇದ್ದರೆ 30 ಮತ್ತು 21 ಕೂಡಿ 51, ಅರ್ಧ 25.5, ಹತ್ತು ಕಳೆದರೆ 15.5. ಹಗಲು 28, ರಾತ್ರಿ 14 ಇರುವ ಕಡೆ 11 ಮಾತ್ರ. ಮಾಗಲು 1,400 ಶಾಖಮಾನ ಬೇಕಾದ ತಳಿ ಮೊದಲನೆಯ ಕಡೆ 90 ದಿನಕ್ಕೆ ಬರುತ್ತದೆ, ಎರಡನೆಯ ಕಡೆ 127 ದಿನ ತೆಗೆದುಕೊಳ್ಳುತ್ತದೆ. ತಳಿ ಅದೇ, ಬೀಜ ಅದೇ. ತಂಪು ಹಂಗಾಮಿಗೆ ಬಿತ್ತುವವರು, ಎತ್ತರದ ಪ್ರದೇಶದವರು ಈ ಲೆಕ್ಕ ಮಾಡದೆ ಬೀಜ ಕೊಳ್ಳಬಾರದು. ಕೆಲವು ದೇಶಗಳಲ್ಲಿ ಚೀಲದ ಮೇಲೆ ದಿನದ ಬದಲು ಎಫ್‌ಎಒ 200, 400, 600 ಎಂಬ ಸಂಖ್ಯೆ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಅವಧಿ ಉದ್ದ.

ದೂರದ ನಾಡಿನಲ್ಲಿ ಹೆಸರು ಮಾಡಿದ ತಳಿಯನ್ನು ತಂದು ಬಿತ್ತಿ ಕೈ ಸುಟ್ಟುಕೊಳ್ಳುವುದಕ್ಕೆ ಹಗಲಿನ ಉದ್ದವೂ ಕಾರಣ. ಉಷ್ಣವಲಯದ ತಳಿಯನ್ನು ಬೇಸಿಗೆಯ ಹಗಲು ಬಹಳ ಉದ್ದವಿರುವ ಸಮಶೀತೋಷ್ಣ ಪ್ರದೇಶಕ್ಕೆ ಒಯ್ದರೆ ಗಿಡ ಸುಮ್ಮನೆ ಎತ್ತರಕ್ಕೆ ಹೋಗುತ್ತದೆ, ಹೂ ಬರುವುದೇ ತಡ. ಅಲ್ಲಿನದನ್ನು ಇತ್ತ ತಂದರೆ ಗಿಡ ಬಲಿಯುವ ಮೊದಲೇ ಸೂಲಂಗಿ ತೆಗೆದು ಗೇಣುದ್ದದ ತೆನೆಯನ್ನೂ ಕೊಡದೆ ಮುಗಿಸುತ್ತದೆ.

ಹೈಬ್ರಿಡ್ಡೋ, ಸಂಯುಕ್ತ ತಳಿಯೋ?

ಏಕ ಸಂಕರಣ ಹೈಬ್ರಿಡ್ ಎಂದರೆ ಎರಡು ಶುದ್ಧ ಸಾಲುಗಳನ್ನು, ಅಂದರೆ ಪೀಳಿಗೆಗಟ್ಟಲೆ ತನ್ನದೇ ಪರಾಗದಿಂದ ಬೆಳೆಸಿ ಒಂದೇ ಬಗೆಯಾಗಿಸಿದ ವಂಶಗಳನ್ನು, ಕೂಡಿಸಿದ್ದು. ಹೊಲದ ಗಿಡಗಳೆಲ್ಲ ಒಂದೇ ಎತ್ತರ, ತೆನೆಗಳೂ ಒಂದೇ ಎತ್ತರದಲ್ಲಿ, ಹೂವೂ ಒಂದೇ ಸಲ. ಯಂತ್ರದ ಕೊಯ್ಲಿಗೆ ಹೇಳಿಮಾಡಿಸಿದ ಹಾಗಿರುತ್ತದೆ, ಇಳುವರಿಯ ಸಾಮರ್ಥ್ಯವೂ ಎಲ್ಲಕ್ಕಿಂತ ಹೆಚ್ಚು. ಆದರೆ ಒಂದೇ ಸಲ ಹೂ ಬಿಡುವುದು ಬೆಳೆಯನ್ನು ಕಾಯುವುದೂ ಉಂಟು, ಕೆಡಿಸುವುದೂ ಉಂಟು. ಆ ನಾಲ್ಕೈದು ದಿನ ಬಿಸಿಗಾಳಿ ಬೀಸಿದರೆ ಇಡೀ ಹೊಲಕ್ಕೆ ಪೆಟ್ಟು. ತ್ರಿಸಂಕರಣದಲ್ಲಿ ಮೂರು ಸಾಲುಗಳ ರಕ್ತ ಇರುವುದರಿಂದ ಗಿಡಗಳ ನಡುವೆ ತುಸು ಹೆಚ್ಚುಕಡಿಮೆ ಇರುತ್ತದೆ, ಬೀಜದ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಸಂಯುಕ್ತ ತಳಿ ಎಂದರೆ ಹಲವು ಮೂಲಗಳನ್ನು ಬೆರೆಸಿ ಗಾಳಿಯ ಪರಾಗಕ್ಕೇ ಬಿಟ್ಟದ್ದು, ಅದರಲ್ಲಿ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಹೂ ಬಿಡುವ ಅವಧಿ ಹಬ್ಬಿಕೊಂಡಿರುತ್ತದೆ, ಇಳುವರಿ ಹೈಬ್ರಿಡ್‌ಗಿಂತ ಕೆಳಗೆ.

ಹೈಬ್ರಿಡ್ ಬೆಳೆಯ ಕಾಳನ್ನೇ ಮುಂದಿನ ಸಲ ಬಿತ್ತುವುದು ನಷ್ಟದ ಬಾಬತ್ತು. ಸಂಕರಣದಿಂದ ಬಂದ ಕಸುವಿನ ಸುಮಾರು ಅರ್ಧ ಏಕ ಸಂಕರಣದಲ್ಲಿ ಮುಂದಿನ ಪೀಳಿಗೆಗೇ ಕಳೆದುಹೋಗುತ್ತದೆ. ಮೊಳಕೆ ಚೆನ್ನಾಗಿಯೇ ಬರುವುದರಿಂದ ಮೋಸ ಗೊತ್ತಾಗುವುದು ತೆನೆ ಕಟ್ಟುವಾಗ. ಸಂಯುಕ್ತ ತಳಿಯ ಬೀಜವನ್ನು ಮೂರು ಹಂಗಾಮು ಇಟ್ಟುಕೊಳ್ಳಬಹುದು, ಆದರೆ ಕ್ರಮ ತಪ್ಪಬಾರದು. ಬೇರೆ ಮೆಕ್ಕೆಜೋಳದಿಂದ ಕನಿಷ್ಠ 200 ಮೀಟರ್ ದೂರ ಇರಬೇಕು. ಅಷ್ಟು ಜಾಗವಿಲ್ಲದಿದ್ದರೆ ಎರಡೂ ಹೊಲ ಒಟ್ಟಿಗೆ ಹೂ ಬಿಡದಂತೆ ಬಿತ್ತನೆಯನ್ನು ಮೂರು ನಾಲ್ಕು ವಾರ ಹಿಂದೆಮುಂದೆ ಮಾಡಬೇಕು. ಅಂಚಿನ ಐದಾರು ಸಾಲು ಬಿಟ್ಟು ಹೊಲದ ಒಳಗಿನಿಂದ, ಕನಿಷ್ಠ 200 ಗಿಡಗಳ ತೆನೆ ಆರಿಸಿ. ಕಣದಲ್ಲಿ ರಾಶಿಯಿಂದ ದೊಡ್ಡ ತೆನೆ ಹೆಕ್ಕುವುದು ತಪ್ಪು. ಪಕ್ಕದ ಗಿಡ ಸತ್ತು ಜಾಗ ಸಿಕ್ಕಿದ್ದರಿಂದಲೇ ದೊಡ್ಡದಾದ ತೆನೆಗಳು ಅಲ್ಲಿ ಸೇರಿಕೊಂಡಿರುತ್ತವೆ. ಗಿಡ ನಿಂತಿರುವಾಗಲೇ, ಸುತ್ತ ಗಿಡಗಳಿದ್ದೂ ಚೆನ್ನಾಗಿ ಕಟ್ಟಿದ್ದಕ್ಕೆ ಗುರುತಿನ ದಾರ ಕಟ್ಟಿ.

ಹಾಗಾದರೆ ಯಾವುದು? ನೀರು ಮತ್ತು ಮೇಲುಗೊಬ್ಬರ ಎರಡೂ ಖಚಿತವಿದ್ದರೆ ಏಕ ಸಂಕರಣ. ನೀರು ಇಲ್ಲವೇ ಗೊಬ್ಬರ, ಎರಡರಲ್ಲಿ ಒಂದರ ಬಗ್ಗೆ ಅನುಮಾನವಿದ್ದರೆ ಮಧ್ಯಮಾವಧಿಯ, ಬರ ತಡೆಯುವ ಹೈಬ್ರಿಡ್. ಎರಡೂ ಅನುಮಾನವೇ ಆದರೆ, ಬೀಜಕ್ಕೆ ಸಾಲ ಮಾಡಬೇಕಾದ ಸ್ಥಿತಿಯಿದ್ದರೆ, ಅಲ್ಪಾವಧಿಯ ಸಂಯುಕ್ತ ತಳಿ. ಅಲ್ಲಿ ಇಳುವರಿ ಕಡಿಮೆಯಾದರೂ ಹಾಕಿದ ದುಡ್ಡು ಮುಳುಗುವ ಭಯ ಕಡಿಮೆ.

ಕಾಳಿನ ಜಾತಿ

ಡೆಂಟ್ ಕಾಳಿನ ನಡುವೆ ಮೆತ್ತನೆಯ ಪಿಷ್ಟ, ಪಕ್ಕಗಳಲ್ಲಿ ಗಟ್ಟಿ ಪಿಷ್ಟ. ಒಣಗುವಾಗ ಮೆತ್ತನೆಯ ಭಾಗ ಕುಗ್ಗಿ ನೆತ್ತಿಯಲ್ಲಿ ಕುಳಿ ಬೀಳುತ್ತದೆ. ಫ್ಲಿಂಟ್ ಕಾಳಿನಲ್ಲಿ ಗಟ್ಟಿ ಪಿಷ್ಟ ನೆತ್ತಿಯವರೆಗೂ ಸುತ್ತುವರಿದಿರುವುದರಿಂದ ಗುಂಡಗೆ, ಗಾಜಿನ ಹಾಗೆ ಹೊಳೆಯುತ್ತದೆ. ನಾಲ್ಕು ಕಾಳು ಅಡ್ಡಕ್ಕೆ ಕತ್ತರಿಸಿ ನೋಡಿ. ಬಿಳಿ ಹಿಟ್ಟಿನಂಥ ಭಾಗ ಎಷ್ಟು, ಗಾಜಿನಂಥ ಭಾಗ ಎಷ್ಟು ಎಂಬುದರಲ್ಲೇ ಎಲ್ಲ ಗೊತ್ತಾಗುತ್ತದೆ. ಪಿಷ್ಟ ತೆಗೆಯುವ ಕಾರ್ಖಾನೆಗೆ, ಪಶು ಆಹಾರಕ್ಕೆ ಡೆಂಟ್ ಸರಿ. ರವೆ, ನುಚ್ಚು ಮಾಡುವವರಿಗೆ ಫ್ಲಿಂಟ್ ಬೇಕು. ಕಾಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವವರಿಗೂ ಫ್ಲಿಂಟೇ ವಾಸಿ, ಗಟ್ಟಿ ಕಾಳನ್ನು ಮೂತಿಹುಳು ಕೊರೆಯುವುದು ನಿಧಾನ. ಕೋಳಿ ಆಹಾರಕ್ಕೆ ಕೊಡುವುದಾದರೆ ಕಿತ್ತಳೆ ಛಾಯೆಯ ಹಳದಿ ಕಾಳು ಆರಿಸಿ, ಮೊಟ್ಟೆಯ ಭಂಡಾರಕ್ಕೆ ಬಣ್ಣ ಬರುವುದು ಅದರಿಂದಲೇ.

ವಿಶೇಷ ತಳಿಗಳಿಗೆ ಕೊಳ್ಳುವವರು ಮೊದಲೇ ನಿಕ್ಕಿಯಾಗಿರಬೇಕು. ವ್ಯಾಕ್ಸಿ ಜೋಳದ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಅಮೈಲೊಪೆಕ್ಟಿನ್ ಎಂಬ ಒಂದೇ ಬಗೆಯದು, ಸಾಮಾನ್ಯ ಜೋಳದಲ್ಲಿ ಅದು ಮುಕ್ಕಾಲು ಪಾಲು. ಗುಣಮಟ್ಟದ ಪ್ರೋಟೀನ್ ಮೆಕ್ಕೆಜೋಳದಲ್ಲಿ ಪ್ರೋಟೀನಿನ ಪ್ರಮಾಣ ಹೆಚ್ಚಿಲ್ಲ, ಅದರಲ್ಲಿರುವ ಲೈಸಿನ್ ಮತ್ತು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಗಳು ಸುಮಾರು ಎರಡರಷ್ಟು. ಓಪೇಕ್-2 ಎಂಬ ಜೀನಿನ ಈ ಗುಣ 1964ರಲ್ಲಿ ಬೆಳಕಿಗೆ ಬಂತು. ಆದರೆ ಆಗಿನ ಕಾಳು ಸುಣ್ಣದಂತೆ ಮೆತ್ತಗಿದ್ದು ಹುಳುವಿಗೆ ತುತ್ತಾಗುತ್ತಿತ್ತು. ಮೆಕ್ಸಿಕೊದ ಸಿಮಿಟ್ ಸಂಸ್ಥೆಯಲ್ಲಿ ಸುರಿಂದರ್ ವಾಸಲ್ ಮತ್ತು ಎವಾಂಜೆಲಿನಾ ವಿಲೆಗಾಸ್ ವರ್ಷಗಟ್ಟಲೆ ದುಡಿದು ಅದನ್ನು ಗಟ್ಟಿ ಕಾಳಾಗಿಸಿದರು, 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು. ಬರೀ ಮೆಕ್ಕೆಜೋಳದ ಮೇಲೆ ಬದುಕುವ ಮನೆಗಳಲ್ಲಿ, ಹಂದಿ ಕೋಳಿ ಸಾಕುವಲ್ಲಿ ಈ ತಳಿಗೆ ನಿಜವಾದ ಬೆಲೆಯಿದೆ.

ಬಿಳಿ ಕಾಳು, ವ್ಯಾಕ್ಸಿ, ಓಪೇಕ್-2 ಮೂರೂ ಅಡಗುವ ಗುಣಗಳು. ಪಕ್ಕದ ಹೊಲದ ಸಾಮಾನ್ಯ ಪರಾಗ ಬಿದ್ದರೆ ಅದೇ ವರ್ಷದ ಕಾಳಿನಲ್ಲೇ ಗುಣ ಮರೆಯಾಗುತ್ತದೆ. ಬಿಳಿ ತೆನೆಯಲ್ಲಿ ಅಲ್ಲಲ್ಲಿ ಹಳದಿ ಕಾಳು ಕಂಡರೆ ಬೀಜ ಕಲಬೆರಕೆ ಎಂದು ತಕ್ಷಣ ತೀರ್ಮಾನಿಸಬೇಡಿ. ಹೊಲದ ಅಂಚಿನಲ್ಲಿ ಅಂಥ ಕಾಳು ಹೆಚ್ಚಿದ್ದು ನಡುವೆ ಕಡಿಮೆಯಾಗುತ್ತ ಹೋದರೆ ಬಂದದ್ದು ಗಾಳಿಯ ಪರಾಗ. ಇಡೀ ತೆನೆಯೇ ಹಳದಿಯಾಗಿರುವ ಗಿಡಗಳು ಹೊಲದ ತುಂಬ ಚದುರಿದ್ದರೆ ಆಗ ಬೀಜವನ್ನು ಅನುಮಾನಿಸಿ. ವ್ಯಾಕ್ಸಿಯಲ್ಲಿ ಈ ಬೆರಕೆ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕತ್ತರಿಸಿದ ಕಾಳಿನ ಮೇಲೆ ಅಯೋಡಿನ್ ಹನಿ ಹಾಕಿದರೆ ವ್ಯಾಕ್ಸಿ ಕೆಂಗಂದು, ಸಾಮಾನ್ಯದ್ದು ಕಡುನೀಲಿ.

ನಿಲ್ಲುವ ದಂಟು, ಸಾಲಿನ ಅಂತರ

ಎಲೆಗಳು ಮೇಲ್ಮುಖವಾಗಿ ನೆಟ್ಟಗಿರುವ ತಳಿಗಳು ಒತ್ತಾಗಿ ಬಿತ್ತಿದರೂ ತಡೆಯುತ್ತವೆ, ಬಾಗಿದ ಅಗಲ ಎಲೆಯವು ತಡೆಯುವುದಿಲ್ಲ. ತೆನೆಯ ಸ್ವಭಾವವನ್ನೂ ವಿಚಾರಿಸಿ. ಕೆಲವು ತಳಿಗಳ ತೆನೆ ಜಾಗ ಸಿಕ್ಕಷ್ಟೂ ಹಿಗ್ಗುತ್ತದೆ, ಕೆಲವದ್ದು ಏನು ಮಾಡಿದರೂ ಒಂದೇ ಗಾತ್ರ. ಹಿಗ್ಗುವ ತೆನೆಯ ತಳಿ ಮಳೆಯಾಶ್ರಿತದಲ್ಲಿ 60×30 ಸೆಂ.ಮೀ. ಅಂತರಕ್ಕೆ, ಅಂದರೆ ಎಕರೆಗೆ ಸುಮಾರು 22,500 ಗಿಡಕ್ಕೆ ಒಗ್ಗುತ್ತದೆ. ಒಂದೇ ಗಾತ್ರದ ತೆನೆಯ, ನೆಟ್ಟಗೆ ಎಲೆಯ ತಳಿಯನ್ನು ಅಷ್ಟು ವಿರಳವಾಗಿ ಬಿತ್ತಿದರೆ ಜಾಗ ವ್ಯರ್ಥ. ಅದಕ್ಕೆ ನೀರಾವರಿಯಲ್ಲಿ 60×20, ಎಕರೆಗೆ 33,700ರ ಹತ್ತಿರ ಬೇಕು.

ಬೀಜವನ್ನು ಕಿಲೋ ಲೆಕ್ಕದಲ್ಲಿ ಹೋಲಿಸುವುದರಲ್ಲೂ ಮೋಸಹೋಗಬಹುದು. 60×25 ಸೆಂ.ಮೀ.ಗೆ ಎಕರೆಗೆ 27,000 ಗಿಡ ಬೇಕು. ಸಾವಿರ ಕಾಳು 300 ಗ್ರಾಂ ತೂಗುವ ಬೀಜವಾದರೆ, ಮೊಳಕೆ ಶೇ 90 ಎಂದಿಟ್ಟುಕೊಂಡು, 9 ಕಿಲೋ. ಸಾವಿರಕ್ಕೆ 220 ಗ್ರಾಂ ತೂಗುವ ಸಣ್ಣ ಬೀಜವಾದರೆ 6.6 ಕಿಲೋ ಸಾಕು. ಬೀಜದ ಗಾತ್ರ ಇಳುವರಿಯನ್ನು ನಿರ್ಧರಿಸುವುದಿಲ್ಲ, ಬಿತ್ತನೆ ಯಂತ್ರದ ತಟ್ಟೆಗೆ ಹೊಂದಿದರಾಯಿತು. ಚೀಲದ ಬೆಲೆಯನ್ನು ಕಾಳಿನ ಸಂಖ್ಯೆಯಿಂದ ಭಾಗಿಸಿ ಹೋಲಿಸಿ.

ಮಲಗುವ ತಳಿಯನ್ನು ಮೊದಲೇ ಗುರುತಿಸಬಹುದು. ತೆನೆ ಗಿಡದ ಅರ್ಧ ಎತ್ತರಕ್ಕಿಂತ ಮೇಲೆ ಕೂತಿದ್ದರೆ ಭಾರ ಮೇಲಾಯಿತು, ಗಾಳಿಗೆ ಹೆದರಬೇಕು. ಕಾಳು ಬಲಿತ ಮೇಲೆ ಒಂದು ಸಾಲಿನಲ್ಲಿ ನೂರು ಗಿಡಗಳನ್ನು ತೆನೆಯ ಮಟ್ಟದಲ್ಲಿ ಹಿಡಿದು ಗೇಣಿನಷ್ಟು ಪಕ್ಕಕ್ಕೆ ತಳ್ಳಿ ಬಿಡಿ. ಹತ್ತಕ್ಕಿಂತ ಹೆಚ್ಚು ಮುರಿದರೆ, ಇಲ್ಲವೇ ಹಿಂದಕ್ಕೆ ಎದ್ದು ನಿಲ್ಲದಿದ್ದರೆ ಆ ತಳಿಯನ್ನು ಕಾಯಿಸದೆ ಮೊದಲು ಕೊಯ್ಯಬೇಕು. ಎಲ್ಲ ಕೂಲಿಯವರೂ ಯಂತ್ರಗಳೂ ಒಂದೇ ವಾರದಲ್ಲಿ ಬೇಕಾಗುವ ಕಡೆ ಅಂಥ ತಳಿ ದೊಡ್ಡ ಹೊಲಕ್ಕೆ ಸಲ್ಲದು.

ಮುಸುಕಿನ ಬಗ್ಗೆ ಒಂದು ಮಾತು. ತುದಿ ಮುಚ್ಚಿ ಬಿಗಿಯಾದ ಮುಸುಕು ಹಕ್ಕಿ, ಮೂತಿಹುಳು, ಮಳೆನೀರು ಮೂರನ್ನೂ ತಡೆಯುತ್ತದೆ, ಆದರೆ ಕಾಳು ಒಣಗುವುದು ನಿಧಾನ. ಕೊಯ್ಲಿನ ಹೊತ್ತಿಗೆ ಮಳೆ ಇರುವ ಕಡೆ ಬಿಗಿ ಮುಸುಕು, ಬಾಗುವ ತೆನೆ ಆರಿಸಿ. ಒಣ ಹವೆಯಲ್ಲಿ ಬೇಗ ಕೊಯ್ದು ಹೊಲ ಖಾಲಿ ಮಾಡಬೇಕಾದರೆ ಸಡಿಲ ಮುಸುಕಿನದು. ಬುಡದಲ್ಲಿ ಕಪ್ಪು ಪದರ ಬಂದ, ಅಂದರೆ ಪೂರ್ತಿ ಬಲಿತ, ಕಾಳಿನಲ್ಲಿ ಇನ್ನೂ ಶೇ 30–35 ತೇವ ಇರುತ್ತದೆ. ಅಲ್ಲಿಂದ ಶೇ 20ಕ್ಕೆ ಹೊಲದಲ್ಲೇ ಎಷ್ಟು ದಿನಕ್ಕೆ ಇಳಿಯುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಒಣಗಿಸುವ ಯಂತ್ರವಿಲ್ಲದವರು ಇದನ್ನು ಕೇಳಲೇಬೇಕು. ತೇವದ ಕಾಳನ್ನು ರಾಶಿ ಹಾಕಿದರೆ ಬರುವ ಬೂಷ್ಟಿನ ಹಿಂದೆಯೇ ಅಫ್ಲಾಟಾಕ್ಸಿನ್ ವಿಷವೂ ಬರಬಹುದು.

ರೋಗದ ಹೋಲಿಕೆ ನಿಮ್ಮ ಹೊಲದಿಂದಲೇ ಶುರುವಾಗಲಿ

‘ರೋಗ ನಿರೋಧಕ’ ಎಂಬ ಒಂದೇ ಪದಕ್ಕೆ ಅರ್ಥವಿಲ್ಲ, ಯಾವ ರೋಗಕ್ಕೆ ಎಂದು ಕೇಳಿ. ತಂಪು ಮತ್ತು ತೇವ ಇರುವ ಕಡೆ ಟರ್ಸಿಕಂ ಎಲೆ ಅಂಗಮಾರಿ ಬರುತ್ತದೆ, ದೋಣಿಯಾಕಾರದ ಬೂದುಗಂದು ಮಚ್ಚೆ ಬೆರಳುದ್ದಕ್ಕೂ ಬೆಳೆಯುತ್ತದೆ. ಬಿಸಿ ಮತ್ತು ತೇವ ಇರುವ ಕಡೆ ಮೇಡಿಸ್ ಅಂಗಮಾರಿ, ಅದರ ಮಚ್ಚೆ ಚಿಕ್ಕದು. ಎಳೆ ಗಿಡದ ಎಲೆ ಬಿಳಿಚಿ ಪಟ್ಟೆ ಬಿದ್ದು, ಮುಂಜಾನೆ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಕೇದಿಗೆ ರೋಗ. ಅದು ಬರುವ ನೆಲದಲ್ಲಿ ನಿರೋಧಕ ತಳಿ ಬಿಟ್ಟು ಬೇರೆ ಬಿತ್ತಲೇಬೇಡಿ, ಆಮೇಲೆ ಸಿಂಪಡಿಸಿ ಉಳಿಸುವುದು ಕಷ್ಟ. ಕಾಳು ತುಂಬುವಾಗ ಬಿಸಿಲಿಗೆ ನೆಲ ಒಣಗುವ ಕಡೆ ಬರುವುದು ಇದ್ದಿಲು ಕಾಂಡಕೊಳೆ. ಮುರಿದ ದಂಟನ್ನು ಸೀಳಿದರೆ ಒಳಗಿನ ನಾರಿಗೆ ಇದ್ದಿಲ ಪುಡಿ ಸವರಿದಂತಿರುತ್ತದೆ. ಕಾಳು ಬಲಿತರೂ ಎಲೆ ಹಸಿರಾಗಿ ಉಳಿಯುವ ತಳಿಗಳು ಇದನ್ನು ಹೆಚ್ಚು ತಡೆಯುತ್ತವೆ, ದಂಟು ಮೇವಿಗೂ ಆಗುತ್ತದೆ.

ಫಾಲ್ ಸೈನಿಕ ಹುಳುವಿಗೆ ಸಾಮಾನ್ಯ ತಳಿಗಳಲ್ಲಿ ಪೂರ್ತಿ ನಿಲ್ಲುವಂಥದ್ದಿಲ್ಲ. ಕಾನೂನು ಒಪ್ಪಿದ ದೇಶಗಳಲ್ಲಿ ಬಿಟಿ ತಳಿ ಬಿತ್ತುವವರು ಆಸರೆ ಸಾಲುಗಳನ್ನು, ಅಂದರೆ ಬಿಟಿ ಅಲ್ಲದ ಮೆಕ್ಕೆಜೋಳದ ಸಾಲುಗಳನ್ನು, ಬಿಡದಿದ್ದರೆ ಹುಳು ಬೇಗ ಒಗ್ಗಿಕೊಳ್ಳುತ್ತದೆ.

ಎಷ್ಟೇ ಒಳ್ಳೆಯದಾದರೂ ಹೊಲವನ್ನೆಲ್ಲ ಒಂದೇ ತಳಿಗೆ ಕೊಡಬೇಡಿ. 1970ರಲ್ಲಿ ಅಮೆರಿಕದ ಹೈಬ್ರಿಡ್ ಬೀಜದ ಬಹುಪಾಲು ಟೆಕ್ಸಾಸ್ ಎಂಬ ಒಂದೇ ಮೂಲದ ಗಂಡು ಬಂಜೆತನದ, ಅಂದರೆ ಸೂಲಂಗಿ ಪರಾಗ ಕೊಡದ ಗುಣದ, ಮೇಲೆ ನಿಂತಿತ್ತು. ಮೇಡಿಸ್ ಅಂಗಮಾರಿಯ ಹೊಸ ಬಗೆಯೊಂದು ಅದನ್ನೇ ಹಿಡಿದು ದೇಶದ ಬೆಳೆಯಲ್ಲಿ ಸುಮಾರು ಶೇ 15 ಹಾಳಾಯಿತು. ಹೆಸರು ಬೇರೆಬೇರೆ ಇದ್ದರೂ ಒಳಗಿನ ಮೂಲ ಒಂದೇ ಆಗಿತ್ತು. ಎರಡು ಮೂರು ತಳಿ ಹಾಕುವಾಗ ಹೂ ಬಿಡುವ ದಿನ ಒಂದು ವಾರವಾದರೂ ಹಿಂದೆಮುಂದೆ ಇರುವಂಥವನ್ನು ಕೂಡಿಸಿ.

ರಸಮೇವಿಗೆ

ಹಸಿ ಗಿಡವನ್ನು ಕತ್ತರಿಸಿ ಗಾಳಿಯಾಡದಂತೆ ಗುಂಡಿಯಲ್ಲಿ ತುಳಿದಿಡುವ ಮೇವು (ಸೈಲೇಜ್) ಇದು. ಇಲ್ಲಿ ಕಾಳಿನ ಜೊತೆ ಇಡೀ ಗಿಡದ ಲೆಕ್ಕ. ಕಾಳಿಗೆ ಹಾಕುವ ತಳಿಗಿಂತ 5–10 ದಿನ ಉದ್ದದ್ದನ್ನು ಆರಿಸಬಹುದು, ಪೂರ್ತಿ ಮಾಗುವವರೆಗೆ ಕಾಯಬೇಕಿಲ್ಲ. ತೆನೆಯೇ ಇಲ್ಲದ ಎತ್ತರದ ಗಿಡ ಟನ್ನುಗಟ್ಟಲೆ ತೂಗಿದರೂ ಅದರಲ್ಲಿ ನೀರೇ ಹೆಚ್ಚು. ತೆನೆಯನ್ನು ನಡುವೆ ಮುರಿದು ತುದಿಯ ತುಂಡಿನ ಕಾಳು ನೋಡಿ. ಗಟ್ಟಿ ಪಿಷ್ಟ ಮತ್ತು ಹಾಲಿನ ನಡುವಿನ ಗೆರೆ ನೆತ್ತಿಯಿಂದ ಅರ್ಧಕ್ಕೋ ಮೂರನೇ ಎರಡಕ್ಕೋ ಇಳಿದಾಗ ಗಿಡದ ಒಣಪದಾರ್ಥ ಶೇ 32–35ರ ಆಸುಪಾಸು ಇರುತ್ತದೆ, ಕತ್ತರಿಸುವ ಹದ ಅದು. ಮೊದಲೇ ಕಡಿದರೆ ಗುಂಡಿಯಿಂದ ರಸ ಹರಿದು ಮೇವು ಹುಳಿನಾತ ಹಿಡಿಯುತ್ತದೆ. ತಡವಾದರೆ ತುಳಿದರೂ ಗಾಳಿ ಹೋಗದೆ ಬೂಷ್ಟು ಬರುತ್ತದೆ. ಕಂದು ನಡುನರದ ತಳಿಗಳಲ್ಲಿ ಲಿಗ್ನಿನ್ ಕಡಿಮೆ, ಹಸು ಚೆನ್ನಾಗಿ ಜೀರ್ಣಿಸಿಕೊಳ್ಳುತ್ತದೆ. ಅದೇ ಕಾರಣಕ್ಕೆ ದಂಟು ಸೋಲುವುದೂ ಬೇಗ, ಗಾಳಿಯ ಜಾಗಕ್ಕೆ ಬೇಡ.

ಸ್ವಂತ ಹೊಲದಲ್ಲಿ ತೂಗಿ ನೋಡುವುದು

ಉಳಿದ ಮೂರು ನಾಲ್ಕು ತಳಿಗಳನ್ನು ಆರಾರು ಸಾಲಿನಂತೆ ಅಕ್ಕಪಕ್ಕ ಬಿತ್ತಿ, ಹೊಲದ ಮೂರು ಕಡೆ ಇದನ್ನೇ ಪುನರಾವರ್ತಿಸಿ. ಒಂದೇ ಕಡೆ ಬಿತ್ತಿದರೆ ತಳಿಯ ಬದಲು ಮಣ್ಣನ್ನು ತೂಗಿದಂತೆ. ಪಕ್ಕದ ಎತ್ತರದ ತಳಿಯ ನೆರಳು ಬೀಳುವ ಅಂಚಿನ ಸಾಲು ಬಿಟ್ಟು ನಡುವಿನ ಎರಡು ಸಾಲು ಮಾತ್ರ ಕೊಯ್ಯಿರಿ. ಸಾಲಿನ ಅಂತರ 60 ಸೆಂ.ಮೀ. ಆದರೆ ಎರಡು ಸಾಲಿನ 8.33 ಮೀಟರ್ ಉದ್ದ ಸರಿಯಾಗಿ 10 ಚದರ ಮೀಟರ್, ಹೆಕ್ಟೇರಿನ ಸಾವಿರದ ಒಂದು ಭಾಗ. ಕಾಳು ಬಿಡಿಸಿ ತೂಗಿ, ತೇವ ಅಳೆಯಿರಿ. ಎಲ್ಲವನ್ನೂ ಶೇ 14 ತೇವಕ್ಕೆ ತರಲು ತೂಕವನ್ನು 100ರಿಂದ ತೇವ ಕಳೆದು ಬಂದದ್ದರಿಂದ ಗುಣಿಸಿ 86ರಿಂದ ಭಾಗಿಸಬೇಕು. ಒಂದು ತಳಿ 9.4 ಕಿಲೋ, ತೇವ 24. ಅದು 8.31 ಆಗುತ್ತದೆ. ಇನ್ನೊಂದು 8.9 ಕಿಲೋ, ತೇವ 18. ಅದು 8.49. ತಕ್ಕಡಿಯಲ್ಲಿ ಗೆದ್ದ ತಳಿ ಒಣಗಿದ ಮೇಲೆ ಹೆಕ್ಟೇರಿಗೆ ಸುಮಾರು 180 ಕಿಲೋ ಹಿಂದೆ ಬಿತ್ತು. ಆದರೂ ಮೂರು ಕಡೆಯ ಸರಾಸರಿಯಲ್ಲಿ ಇಷ್ಟೇ ವ್ಯತ್ಯಾಸ ಇದ್ದರೆ ಎರಡೂ ಸಮ ಎಂದೇ ಹಿಡಿದು ದಂಟು, ಮುಸುಕು, ಬೀಜದ ಬೆಲೆ ನೋಡಿ ಆರಿಸಿ. ಒಂದು ವರ್ಷದ ಅಂಕಿಗಿಂತ ಒಂದು ಒಳ್ಳೆಯ, ಒಂದು ಕೆಟ್ಟ ಹಂಗಾಮಿನ ಅಂಕಿ ಕೈಲಿದ್ದರೆ ಭದ್ರ.

ಕೊಂಡ ಬೀಜವನ್ನು ಬಿತ್ತುವ ಹತ್ತು ದಿನ ಮೊದಲು ಪರೀಕ್ಷಿಸಿ. ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಟ್ಟು ಏಳನೇ ದಿನ ಎಣಿಸಿ. ಬೇರು ಮತ್ತು ಸುಳಿ ಎರಡೂ ಬಂದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. 90ಕ್ಕಿಂತ ಕಡಿಮೆ ಬಂದರೆ ಬಿತ್ತುವ ಮೊದಲೇ ಚೀಲ ಹಿಂದಿರುಗಿಸಿ. ಬಿತ್ತಿದ ಮೇಲೆ ರಸೀದಿ, ಲಾಟ್ ಸಂಖ್ಯೆ ಇರುವ ಚೀಟಿ ಮತ್ತು ಒಂದು ಹಿಡಿ ಬೀಜವನ್ನು ಅದೇ ಚೀಲದಲ್ಲಿ ಕಟ್ಟಿ ಕೊಯ್ಲು ಮುಗಿಯುವವರೆಗೆ ತೆಗೆದಿಡಿ.